ಸರ್ಕಾರದ ಫೋನು

ಪಟ್ಟಿಯ ಕೊನೆಯ ಬಾಗಿಲು
ಚಾಂಪಿಯನ್ ರೀಫಿನ ಮುಚ್ಚಿದ ಶಾಫ್ಟಿನ ಗೇಟು,
ಪಕ್ಕದಲ್ಲಿ ತಗಡಿನ ಗೂಡು.
ಹೊಸ ಹೆಸರಿಗೆ ನಮೂನೆ ಆರು,
ಸತ್ತವರಿಗೆ, ಊರು ಬಿಟ್ಟವರಿಗೆ ಏಳು.
ಕೆಜಿಎಫಿನಲ್ಲಿ ನನಗೆ ಏಳು ಎಷ್ಟಿದ್ದರೂ ಸಾಲದು,
ಆರರ ಕಟ್ಟು ಚೀಲದಲ್ಲೇ ಹಳದಿಯಾಗುತ್ತಿದೆ.

"ಹೆಸರು?"
"ಬಹಾದೂರ್ ಅಂತಾರೆ ಎಲ್ಲ."
"ಎಲ್ಲರದು ಬೇಡಪ್ಪ, ಅಮ್ಮ ಇಟ್ಟಿದ್ದು ಹೇಳು."
"ಹರ್ಕ. ಹರ್ಕ ಬುಢಾ."
ಬರೆಯಹೋದ ಪೆನ್ನು ನಿಂತಿತು.
ಹರಕ ಅಂದರೆ ಹರಿದದ್ದು,
ಒಂದು ಎತ್ವ ಕೊಟ್ಟರೆ ಹರಕೆ.
ಅವನ ಭಾಷೆಯಲ್ಲಿ ಸಂತೋಷವಂತೆ.
ಹೇಳಿ ನಕ್ಕ, ಮುಂದಿನ ಎರಡು ಹಲ್ಲಿಲ್ಲ.

ಊರು ಬಾಜುರಾ ಎಂದ.
ಬೇತಮಂಗಲದ ಆಚೆ ಯಾವುದೋ ಹಳ್ಳಿಯೆಂದು
ನಾನು ತಾಲ್ಲೂಕು ಕೇಳಿದೆ.
ಸೈನೈಡ್ ದಿಬ್ಬದ ನೆತ್ತಿಯ ಮೇಲಿಂದ ಬೆರಳು ಹಾಯಿಸಿ
"ಇನ್ನೂ ಆಚೆ ಅಕ್ಕಾ, ನೇಪಾಳ" ಎಂದ.

ಹಾಗಾದರೆ ಆರೂ ಅಲ್ಲ, ಏಳೂ ಅಲ್ಲ.
ಪುಸ್ತಕ ಮುಚ್ಚಿದೆ.
ಕಾಲು ನೋಯುತ್ತಿತ್ತು. ಸ್ಟೂಲು ಒರೆಸಿ ಕೊಟ್ಟ,
ಟೀಗೆ ನೀರಿಟ್ಟ.

"ಬಂದ ಹೊಸದರಲ್ಲಿ ಕೇಳಿದ್ದೆ, ಈ ಬೆಟ್ಟದ ಹೆಸರೇನು ಅಂತ.
ಹೆಸರಿಲ್ಲ, ನಾವೇ ಸುರಿದಿದ್ದು ಅಂದ್ರು.
ಆಗ ಇಲ್ಲಿ ಗಣಿ ಇತ್ತು, ಅಲ್ಲಿ ರಾಜ ಇದ್ದ.
ಮೊದಲು ಗಣಿ ಹೋಯ್ತು.
ರಾಜ ಹೋದ ರಾತ್ರಿ ನನಗೆ ಡ್ಯೂಟಿ.
ಯಾರಿಗೆ ಹೇಳೋದು?
ಜಾಲರಿ ಹಾಕಿದ ಶಾಫ್ಟಿನ ಬಾಯಿಗೆ ಹೋಗಿ ಹೇಳಿದೆ.
ಕೆಳಗಿಂದ ತಣ್ಣನೆ ಗಾಳಿ ಬಂತು,
ಅಷ್ಟೇ."

ಅವನ ಕನ್ನಡ ತಮಿಳಿನ ಓಣಿಯಲ್ಲಿ ಹಾದು ಬಂದದ್ದು,
ಅಲ್ಲಲ್ಲಿ ನಿಂತು ನಿಂತು ಬರುತ್ತದೆ.

ಒಂದು ಸಲವೂ ಓಟು ಹಾಕಿಲ್ಲ.
ಅಲ್ಲಿ ಹಾಕಬೇಕೆಂದರೆ ಅಲ್ಲೇ ಇರಬೇಕು:
ಮಾರಿಕುಪ್ಪಂ ರೈಲು, ಆಮೇಲೆ ಇನ್ನೆರಡು ರೈಲು,
ಬಸ್ಸು, ಜೀಪು, ಒಂದು ದಿನದ ನಡಿಗೆ.
ಕಂಟ್ರಾಕ್ಟರು ಕೊಡುವುದು ನಾಲ್ಕೇ ದಿನದ ರಜೆ.
"ಹೆಂಡತಿ ಹಾಕ್ತಾಳೆ. ನಿಮ್ಮಲ್ಲಿ ತೋರುಬೆರಳಿಗೆ ಮಸಿ,
ನಮ್ಮಲ್ಲಿ ಹೆಬ್ಬೆರಳಿಗೆ.
ಸಾಹುಕಾರನ ಪುಸ್ತಕಕ್ಕೆ ಒತ್ತಿ ಒತ್ತಿ ಸವೆದಿತ್ತಲ್ಲ,
ಅದೇ ಬೆರಳು."
ಸ್ವಲ್ಪ ಸುಮ್ಮನಿದ್ದು, ಲೋಟ ತೊಳೆಯುತ್ತ ಹೇಳಿದ,
"ಈಗ ಅವಳೇ ವಾರ್ಡ್ ಮೆಂಬರ್.
ನಮ್ಮ ಕಡೆ ಮೊದಲು ರಾಜನನ್ನ ಸರ್ಕಾರ್ ಅಂತ ಕರೀತಿದ್ವಿ.
ದೇಶಕ್ಕೆಲ್ಲ ಅರಮನೆಯಲ್ಲೇ ಸರ್ಕಾರ್.
ಈಗ ನಮ್ಮ ಎಮ್ಮೆ ಕೊಟ್ಟಿಗೆಯಲ್ಲೂ ಒಬ್ಬಳಿದ್ದಾಳೆ."

ಫೋನು ಬಡಿದುಕೊಂಡಿತು.
ಅವನು ಎದ್ದು ನಿಂತ, ಅಂಗಿ ಒಳಗೆ ಸೇರಿಸಿದ.
"ಸರ್ಕಾರದ್ದೇ."

ಅಂಗೈಯಗಲದ ಗಾಜಿನಲ್ಲಿ ಪವಿಸರಾ ಬುಢಾ,
ಬೆನ್ನ ಹಿಂದೆ ಪ್ಲಾಸ್ಟಿಕ್ ಕುರ್ಚಿಗಳು,
ನಲ್ಲಿ ಯಾರ ಅಂಗಳದಲ್ಲಿ ಬರಬೇಕೆಂದು
ಕಿತ್ತಾಡುತ್ತಿರುವ ಗಂಡಸರು.
ನನ್ನ ಕಡೆ ತಿರುಗಿಸಿ ಹೇಳಿದನಂತೆ,
ಇಲ್ಲಿನ ಸರ್ಕಾರ ಬಂದಿದೆ, ಸ್ಟೂಲ್ ಮೇಲೆ ಕೂತಿದೆ.
ನಾನು ಸೆರಗು ಸರಿ ಮಾಡಿಕೊಂಡೆ.

ಎಷ್ಟು ಮನೆ ಸುತ್ತುತ್ತೀರಿ ಎಂದು ಕೇಳಿದಳು.
ಮುನ್ನೂರು.
ನಡೆದೇ?
ನಡೆದೇ.
ಅವಳದು ಒಂಬತ್ತು ಹಾಡಿ, ಒಂದು ಹೊಳೆಯಾಚೆ,
ಸೇತುವೆಗೆ ಹೋದ ವರ್ಷ ಪೂಜೆಯಾಗಿದೆ,
ಸೇತುವೆಯಾಗಿಲ್ಲ.
ದುಡ್ಡು ಕೊಡುತ್ತಾರಾ?
"ಹಿಂದಿನ ಚುನಾವಣೆಯದೇ ಇನ್ನೂ ಬಂದಿಲ್ಲ" ಎಂದೆ.
ಹರ್ಕ ಬಾಯಿ ತೆರೆಯುವ ಮೊದಲೇ ಅವಳು ನಕ್ಕಳು,
ತಲೆಯ ಮೇಲಿನ ಬಟ್ಟೆ ಜಾರುವಷ್ಟು.
ನನಗೂ ತಡೆಯಲಾಗಲಿಲ್ಲ.
ಟೀ ಚೆಲ್ಲಿ ನಮೂನೆ ಏಳರ ಮೇಲೆ ಬಿತ್ತು.

ಆಮೇಲೆ ಅವನಿಗೆ ಏನೋ ಕೇಳಿದಳು, ಮೆಲ್ಲಗೆ.
ಅದನ್ನವನು ಕನ್ನಡಕ್ಕೆ ತರಲಿಲ್ಲ.
ನಾನು ಪುಸ್ತಕ ತೆಗೆದು ಬರೆದೆ:
ಬಾಗಿಲು ತೆರೆದಿದೆ. ಮತದಾರರು ಇಲ್ಲ.

ಗೇಟು ದಾಟುವಾಗ ಸಿಗ್ನಲ್ ಹೋಗಿರಬೇಕು.
ತಿರುಗಿ ನೋಡಿದರೆ ಮನುಷ್ಯ ದಿಬ್ಬ ಹತ್ತುತ್ತಿದ್ದಾನೆ,
ಬೂದಿಬಣ್ಣದ ಪುಡಿಯಲ್ಲಿ ಮೀನಖಂಡದವರೆಗೆ ಹೂತು,
ಫೋನನ್ನು ಆಕಾಶಕ್ಕೆ ಹಿಡಿದು ಕೂಗುತ್ತಿದ್ದಾನೆ.
ಉದ್ದನೆಯ ಕೂಗು. ಅದರಲ್ಲಿ ನನಗೆ ತಿಳಿದದ್ದು
ಸರ್ಕಾರ್ ಅನ್ನುವುದೊಂದೇ.