ಫಿಲ್ಟರ್ ತೊಳೆದ ದಿನ

ಮನಾಮಾದ ಗುದೈಬಿಯಾ ಓಣಿಯಲ್ಲಿ
ವರ್ಷಕ್ಕೊಮ್ಮೆ ಹೀಗಾಗುತ್ತದೆ:
ಕಿಟಕಿ ಕಿಟಕಿಯ ಎಸಿಗಳೂ ಬಾಯಿ ಮುಚ್ಚುತ್ತವೆ.
ಡಿಸೆಂಬರಿನ ಯಾವುದೋ ರಾತ್ರಿ ಎಚ್ಚರಾದರೆ
ಮೇಲಿನ ಮನೆಯ ಮಗುವಿನ ಕೆಮ್ಮು,
ನಲ್ಲಿಯ ತೊಟ್ಟು,
ಕಿವಿಯೊಳಗೆ ನನ್ನದೇ ನಾಡಿ.
ಎಂಟು ತಿಂಗಳ ಆ ಗರಗರದ ಕೆಳಗೆ
ಇವೆಲ್ಲ ಇದ್ದವೆಂದು ಮರೆತೇ ಹೋಗಿತ್ತು.

ನಿನ್ನೆ ಹನ್ನೆರಡಕ್ಕೆ ಕೊಲ್ಲಿಯ ಕಡೆ ಪಟಾಕಿ ಸುಟ್ಟರು.
ರೂಮಿನೊಳಗೆ ಪ್ರತಿಜ್ಞೆಗಳು ಸಿಡಿದವು.
ರೋಕಿ ಸಿಗರೇಟು ಪ್ಯಾಕನ್ನು ಬಕೆಟ್ಟಿನಲ್ಲಿ ಮುಳುಗಿಸಿದ.
ಶಂಸು ಜಿಮ್ಮಿಗೆ ಕಟ್ಟಿದ ರಸೀದಿ ತೋರಿಸಿದ.
ದಿನಕರ, ನಾಳೆಯಿಂದ ತಾನು ಬೇರೆಯೇ ಮನುಷ್ಯ ಎಂದು
ಹೆಂಡತಿಗೆ ವಾಯ್ಸ್ ಮೆಸೇಜು ಕಳಿಸಿದ, ಎರಡು ಸಲ,
ಮೊದಲನೆಯದರಲ್ಲಿ ಗಂಟಲು ಸರಿಯಿರಲಿಲ್ಲವಂತೆ.
"ಹ್ವಾಯ್ ಹೆರಿಯಣ್ಣ, ನಿಮ್ದೆಂತ?"
ನನ್ನದು?
ಐವತ್ತಕ್ಕೆ ಎರಡು ಕಮ್ಮಿ.
"ನಾಳೆ ರಜೆ. ನಿದ್ದೆ ಮಾಡ್ತೆ."

ಮಾಡಲಿಲ್ಲ. ಬೆಳಿಗ್ಗೆ ಸ್ಟೂಲು ಹತ್ತಿ
ನನ್ನ ಮಂಚದ ಮೇಲಿನ ಎಸಿಯನ್ನೇ ಬಿಚ್ಚಿದೆ.
ಹತ್ತೊಂಬತ್ತು ವರ್ಷ ಕಂಡವರ ಎಸಿ ತೊಳೆದವನು
ಇದನ್ನು ಮುಟ್ಟಿ ಮೂರು ವರ್ಷ.
ನಾಲ್ಕು ಸ್ಕ್ರೂ; ಒಂದರ ಜಾಗದಲ್ಲಿ ಬೆಂಕಿಕಡ್ಡಿ,
ಆಮೇಲೆ ನೋಡುವ ಅಂತ ನಾನೇ ಸಿಕ್ಕಿಸಿದ್ದು.
ಜಾಳಿಗೆ ಎಳೆದರೆ ಧೂಳು ಹರಿಯದೆ
ಒಂದೇ ಕಂಬಳಿಯಾಗಿ ಬಂತು.
ಬಿಸಾಡುವ ಮೊದಲು, ಯಾಕೋ, ಬೆಳಕಿಗೆ ಹಿಡಿದೆ.

ಮರಳು. ಅದು ಈ ದೇಶದ್ದು, ಕೇಳದೆ ಬರುತ್ತದೆ.
ಕೆಂಪು ನೂಲು, ಶಂಸುವಿನ ಹೊದಿಕೆಯದು.
ಊದುಬತ್ತಿಯ ಬೂದಿ:
ಅಕ್ಕ ಹೋದ ಸುದ್ದಿ ಬಂದ ದಿನ ಹಚ್ಚಿದ್ದೋ
ಮೀನು ಹುರಿದ ವಾಸನೆಗೆ ಹಚ್ಚಿದ್ದೋ.
ಕೂದಲು, ಜಾಳಿಗೆಗೆ ಅಂಟಿದ ಪದರಿನಲ್ಲಿ ಕಪ್ಪು,
ಮೇಲಿನದರಲ್ಲಿ ಬಿಳಿ.
ಉಳಿದದ್ದು ಚರ್ಮ, ಬರೀ ಚರ್ಮ.
ನನ್ನನ್ನು ಹೀಗೆ ಎರಡೂ ಕೈಯಲ್ಲಿ ಹಿಡಿದು
ಯಾವತ್ತೂ ನೋಡಿರಲಿಲ್ಲ.
ಹಗುರ ಇದ್ದೆ.

ಮುಹರ್ರಕ್‌ನ ಉಮ್ ಜಾಸಿಮ್ ನೆನಪಾದರು.
ಮಗ ಹೊಸ ಸ್ಪ್ಲಿಟ್ ತಂದಿಟ್ಟರೂ ಹಳೆಯದನ್ನೇ ತೊಳೆಸುವವರು,
ಅರ್ಧ ಅರಬ್ಬಿ, ಅರ್ಧ ಹಿಂದಿಯಲ್ಲಿ ಕೇಳುವವರು:
ಗ್ಯಾಸ್ ಇದೆಯಾ? ಇದೆ.
ಮೋಟಾರು? ಓಡುತ್ತದೆ.
ಮತ್ತೆ? ಮೂಗು ಕಟ್ಟಿದೆ ಅಷ್ಟೇ, ಪಾಪ.

ಬಾತ್‌ರೂಮಿನಲ್ಲಿ ಬಕೆಟ್ಟು, ಹಳೇ ಟೂತ್‌ಬ್ರಷ್ಷು.
ಒತ್ತಿ ತಿಕ್ಕಿದರೆ ಜಾಳಿಗೆ ಹರಿಯುತ್ತದೆ,
ಹೊಸ ಹುಡುಗರಿಗೆ ಮೊದಲ ದಿನ ಹೇಳುವುದು ಇದೊಂದೇ.
ಬೆನ್ನ ಕಡೆಯಿಂದ ನೀರು ಬಿಡಬೇಕು, ಮೆಲ್ಲಗೆ.
ಆಗಸ್ಟಿನಲ್ಲಿ ತಾರಸಿ ಮೇಲೆ ಆ ನೇಪಾಳಿ ಹುಡುಗನಿಗೆ ಬೈದದ್ದು
ಸ್ಪ್ಯಾನರ್ ಬೀಳಿಸಿದ್ದಕ್ಕಲ್ಲ,
ಸೆಖೆಗೆ.
ಮಗಳು ಫೋನಿನಲ್ಲಿ ಏನೋ ಕೇಳಿದ್ದಕ್ಕೆ
ಹ್ಞೂಂ ಅಂದದ್ದು. ಏನು ಕೇಳಿದಳು?
ನೀರು ಮೊದಲು ಕಪ್ಪು, ಆಮೇಲೆ ಚಾದ ಬಣ್ಣ,
ಆಮೇಲೂ ತುಸು ಮಬ್ಬು.
ಅಲ್ಲಿಗೆ ನಿಲ್ಲಿಸಿದೆ.

ಡಿಶ್ ಆಂಟೆನಾಗಳ ನೆರಳಿನಲ್ಲಿ ಒಣಗಲಿಟ್ಟು ಬರುವಾಗ
ಮೆಟ್ಟಿಲ ತಿರುವಿನಲ್ಲಿ ರೋಕಿ, ಯಾರದೋ ಸಿಗರೇಟು.
ಕೈ ಬೆನ್ನ ಹಿಂದೆ ಹೋಯಿತು, ಹೊಗೆ ಹೋಗಲಿಲ್ಲ.
"ಎಷ್ಟನೆಯದು?"
"ಮೊದಲನೆಯದು."
"ನಿನ್ನೆ ಈ ಹೊತ್ತಿಗೆ?"
"ಐದು."
ಅದನ್ನೇ ಲೆಕ್ಕ ಹಾಕುತ್ತ ಇಬ್ಬರೂ ಇಳಿದೆವು.

ಸಂಜೆ ಜಾಳಿಗೆ ಕೂಡಿಸಿದೆ.
ನಾಲ್ಕನೇ ಸ್ಕ್ರೂ ಹುಡುಕಿದೆ, ಸಿಗಲಿಲ್ಲ.
ಬೇರೆ ಬೆಂಕಿಕಡ್ಡಿ ಸಿಕ್ಕಿಸಿದೆ.
ಸ್ವಿಚ್ಚು ಹಾಕಲಿಲ್ಲ,
ಏಪ್ರಿಲಿನವರೆಗೆ ಅದಕ್ಕೆ ಕೆಲಸವಿಲ್ಲ.

ಕಿಟಕಿ ತೆರೆದು ಮಗಳಿಗೆ ಫೋನು ಹಚ್ಚಿದೆ.
"ಆ ದಿನ ನೀ ಎಂತ ಕೇಂಡದ್ದ್?"
"ಯಾವ ದಿನ?" ಅಂದಳು.
ಆ ಕಡೆ ಮಿಕ್ಸಿ ತಿರುಗುತ್ತಿತ್ತು.
ಅದು ನಿಲ್ಲುವ ತನಕ ಕಾದೆ.