ಹಗಲ ಪಾಳಿ

ಸಾಲಿ ತೆರಿಯಾಕ ಇನ್ನ ಹನ್ನೆರಡು ದಿನ ಇತ್ತು.
ಟೀಚರು ಫೋನಿಗೆ ಒಂದು ಪಟ್ಟಿ ಕಳಿಸಿದ್ರು.
ನಾ ರೊಟ್ಟಿ ಬಡಿಯೋದ್ರಾಗಿದ್ದೆ,
ಓದಿ ಹೇಳಿದಾಕಿ ನನ್ನ ಮಗಳು ಹುಲಿಗೆಮ್ಮ:
ಹೊತ್ತಿಗೆ ಸರಿಯಾಗಿ ಮಲಗೋದು, ಎರಡು ಹೊತ್ತು ಹಲ್ಲು ತಿಕ್ಕೋದು,
ನೀರು ಕುಡಿಯೋದು, ಐದು ರೂಪಾಯಿ ಪಾಕೀಟು ತಿನ್ನಬಾರದು.
ಮಕ್ಕಳ ಕೈಗೆ ಫೋನು ಕೊಡಬ್ಯಾಡ್ರಿ ಅಂತ
ಐದನೇ ಸಾಲಿನಾಗ ಇತ್ತಂತ.
ಆಕಿ ನಾಕರಿಂದ ಆರಕ್ಕ ಹಾರಿದ್ದಳು.

ಒಂಬತ್ತಕ್ಕ ಮಲಗಬೇಕಂತ.
ಮೇ ತಿಂಗಳಾಗ ಹಟ್ಟಿಯೊಳಗ ಒಂಬತ್ತಕ್ಕ
ಮಾಳಿಗಿ ಇನ್ನೂ ರೊಟ್ಟಿ ಹಂಚು.
ನಾಕು ಕೊಡ ನೀರು ಹೊಡೆದ್ರ ಛಸ್ ಅಂತದ,
ಹತ್ತಕ್ಕ ಚಾಪಿ ಹಾಸಬಹುದು,
ಬೆನ್ನು ಹಚ್ಚಾಕ ಹನ್ನೊಂದು.
ಅಷ್ಟೊತ್ತಿಗೆ ಗಣಿ ಸೈರನ್ನು ಕೂಗತದ,
ಅವರಪ್ಪ ಬುತ್ತಿ ಹಿಡಕೊಂಡು ಹೊಂಡತಾನ.
ನಾವು ಕಣ್ಣು ಮುಚ್ಚೂ ಹೊತ್ತಿಗೆ
ಆತ ನೆಲದೊಳಗ ಇಳಿದಿರತಾನ.
ಇಂಥ ಮನಿಯಾಗ ಯಾರು ಯಾರಿಗೆ ಹೇಳಬೇಕು,
ರಾತ್ರಿ ಇರೋದು ಮಲಗಾಕ ಅಂತ?

ಆದ್ರೂ ಸುರು ಮಾಡಿದ್ವಿ,
ದಿನಕ್ಕ ಹದಿನೈದು ನಿಮಿಷ ಹಿಂದ ಸರಿಸಿಕೋತ.
ನಿದ್ದಿ ಅಂದ್ರ ಬೀರುವೇನು, ಸರಿಸಾಕ?
ಸರೀತು, ಬೀರುವಿನಂಗೇ,
ಕಿರ್ರ್ ಅನಕೋತ, ಒಂದು ಕಾಲು ಮುಂದ, ಒಂದು ಕಾಲು ಹಿಂದ.
ಸಣ್ಣಾವನ ಹೆಸರು ಮೌನೇಶ. ಬಾಯಿ ಮಾತ್ರ ಮುಚ್ಚೂದಿಲ್ಲ.
ಚುಕ್ಕಿ ಯಾಕ ಬೀಳೂದಿಲ್ಲ, ಅಪ್ಪಗ ಕೆಳಗ ಚುಕ್ಕಿ ಕಾಣತಾವೇನು,
ನಾಯಿ ಹಲ್ಲು ಯಾರು ತಿಕ್ಕತಾರ?
ಹತ್ತೂವರಿ ಹಂಗಂಗೇ ದಾಟಿಹೋಗತಿತ್ತು.

ಐದನೇ ಸಾಲು ನನಗ ಗೊತ್ತಾದ ದಿನ
ಹುಲಿಗೆಮ್ಮ ಅವರಪ್ಪನ ಮುಂದ ಕುಂತಳು, ಪಂಚಾಯ್ತಿಗೆ ಕುಂತಂಗ.
'ನಾ ಫೋನು ಬಿಡತೀನಿ, ನೀ ತಂಬಾಕು ಬಿಡು.'
ಕ್ಯಾಲೆಂಡರಿನ ಬೆನ್ನಿಗೆ ಬರದಳು, ಇಬ್ಬರೂ ಸಹಿ ಮಾಡಿದ್ರು.
ಮೂರು ದಿನ ಆತು.
ನಾಕನೇ ದಿನ ಅಂಗಿ ಮಡಚೂ ಮುಂದ
ಆಕಿ ಕಿಸೆ ಮೂಸಿ ನೋಡಿದಳು.
ಅಳಲಿಲ್ಲ, ಬೈಲಿಲ್ಲ. ಕೆಂಪು ಪೆನ್ನಿಲೆ ಒಂದು ಸೊನ್ನಿ ಸುತ್ತಿದಳು.
ಸಂಜೀಕ ನೀರಿನ ಡ್ರಮ್ಮಿನ ಹಿಂದ
ಫೋನಿನ ಬೆಳಕಿನಾಗ ಆಕಿ ಮಾರಿ ನೀಲಿ ಕಂಡಿತು.
ಎರಡನೇ ಸೊನ್ನಿ ತಾನೇ ಸುತ್ತಿಕೊಂಡಳು.
ಮರುದಿನ ಮತ್ತ ಒಂದರಿಂದ ಎಣಿಸಾಕ ಹತ್ತಿದ್ರು.

ಒಂದು ಮಧ್ಯಾಹ್ನ ಹೆಸರುಕಾಳು ಹಸನ ಮಾಡಕೋತ ಕುಂತಿದ್ದೆ.
ಆತ ಒಳಗ ಮಲಗಿದ್ದ, ಕೂಲರ್ ತಿರುಗತಿತ್ತು.
ಪಟ್ಟಿಯಾಗಿನ ಯಾವುದನ್ನೂ ಇವಕ್ಕ ಕಲಿಸಾಕ ಆಗಲಿಲ್ಲಲ್ಲ ಅನಕೊಂಡು
ತಲಿ ಎತ್ತಿದೆ.
ಹುಲಿಗೆಮ್ಮ ತಾಟು ಇಳಿಸಿದಳು, ಹಾಸಿಗಿ ಮ್ಯಾಲೆ ಕೂಸು ಇಳಿಸಿದಂಗ.
ಗೇಟಿಗೆ ಬಂದ ಗೆಳತಿಗೆ
ತುಟಿಗೆ ಬೆರಳಿಟ್ಟು ಸನ್ನಿ ಮಾಡಿದಳು.
ಆ ಬಾಯಿಬಡಕ ಮೌನೇಶ
ನಳ ಅರ್ಧ ತಿರುವಿ, ಬಕೀಟು ಓರೆ ಹಿಡಿದು,
ನೀರನ್ನ ಗೋಡಿಗುಂಟ ಇಳಿಸತಿದ್ದ,
ಒಂದು ಹನಿ ಸಪ್ಪಳ ಆಗದಂಗ.
ಇದನ್ನ ನಾ ಹೇಳಿಕೊಟ್ಟಿಲ್ಲ.
ಟೀಚರ ಪಟ್ಟಿಯಾಗೂ ಇಲ್ಲ.
ಯಾವಾಗ ಕಲತ್ರೋ! ಹೆಸರುಕಾಳಿನಾಗಿನ ಹಳ್ಳು
ಅವತ್ತು ಎರಡು ಸಲ ಆರಿಸಿದೆ, ಕಣ್ಣು ಮಂಜಾಗಿದ್ವು.

ಸಾಲಿ ತೆರೆದ ದಿನ ಮುಂಜಾನೆ.
ಮಲಗೂ ಹೊತ್ತು ಒಂಬತ್ತಕ್ಕ ಬಂದಿರಲಿಲ್ಲ,
ಹತ್ತಕ್ಕ ಹತ್ತು ನಿಮಿಷ ಕಮ್ಮಿಗೆ ನಿಂತಿತ್ತು. ಇರಲಿ.
ನಳದ ಹತ್ತಿರ ಹುಲಿಗೆಮ್ಮ ಬಾಯಿತುಂಬ ನೊರಿ ಮಾಡಿಕೊಂಡು ನಿಂತಿದ್ದಳು,
ರಾತ್ರಿ ಪಾಳಿ ಮುಗಿಸಿ ಆತ ಬಂದ, ಕಿವಿಯೊಳಗ ಬೂದಿ ಬಣ್ಣದ ಧೂಳು.
ಅವನ ಬ್ರಷ್ಷಿಗೆ ಪೇಸ್ಟು ಹಚ್ಚಿ ಇಟ್ಟಿದ್ದಳು.
ಇಬ್ಬರೂ ತಿಕ್ಕಿದ್ರು, ಒಬ್ಬಾಕಿ ಎಚ್ಚರಾಗಾಕ, ಒಬ್ಬಾತ ಮಲಗಾಕ.
ಮುಕ್ಕಳಿಸಿದ ಮ್ಯಾಲೆ ಆಕಿ ಅಂದಳು:
'ಈಗ ಬಾಯಿ ತಗಿ ಅಪ್ಪಾ.'
ಆತ ಮೊಣಕಾಲು ಮಡಚಿ, ಬಿಸಿಲಿಗೆ ಮಾರಿ ಮಾಡಿ, ಬಾಯಿ ತಗದ.
ಗಣಿಯೊಳಗ ಇಣುಕಿದಂಗ ಇಣುಕಿದಳು,
ಎಡಕ್ಕ, ಬಲಕ್ಕ, ನಾಲಿಗಿ ಕೆಳಗ.
ಏನು ಕಂಡಳೋ ಹೇಳಲಿಲ್ಲ.
ಚೀಲ ಏರಿಸಿಕೊಂಡು, ತಮ್ಮನ ಕೈ ಹಿಡಕೊಂಡು,
ಕೀಲು ಕಿರ್ರ್ ಅನ್ನದಂಗ ಗೇಟು ಎತ್ತಿ ಹಾಕಿ
ಹೊಂಟಳು.