ಎಂಟರಲ್ಲಿ ಮೂರು ಪಾಲು

ನನ್ನ ಚೀಲದಲ್ಲೊಂದು ಚೆಂಡಿದೆ,
ನಾಲ್ಕಂಗುಲದ್ದು, ಆಟದ್ದಲ್ಲ.
ಕಟಾಂಜನದ ಸರಳು ಸರಳಿನ ನಡುವೆ ಒತ್ತಿ ನೋಡುತ್ತೇನೆ:
ತೂರಿದರೆ ಕೆಂಪು ಚೀಟಿ, ತಡೆದರೆ ಹಸಿರು.
ಎಲ್ಲೋ ಎಂದೋ ಯಾವುದೋ ಮಗು
ತಲೆ ತೂರಿಸಿರಬೇಕು.
ಹೆಸರು ಅಳಿದು ಅಳತೆ ಉಳಿದಿದೆ.

ಡುಲೂತಿನ ಜನ ನನ್ನ ಮೇಲೆ ನಾಯಿ ಬಿಡುವುದಿಲ್ಲ,
ಕಾಫಿ ಕೊಡುತ್ತಾರೆ. ಕೊಟ್ಟು
ನೆಲಮಾಳಿಗೆಯ ಬಾಗಿಲಿಗೆ ಬೆನ್ನು ಹಚ್ಚಿ ನಿಲ್ಲುತ್ತಾರೆ.
ಒಳಗೇನು ಕಟ್ಟಿದ್ದಾರೆಂದು ಆ ಬೆನ್ನೇ ಹೇಳುತ್ತದೆ.
ಹಿಮ ಮೇಲಿಂದ ಬೀಳುತ್ತದೆ ಎಂದಷ್ಟೇ ಅವರಿಗೆ ಗೊತ್ತು;
ಅದು ಮಣ್ಣಿಗಿಳಿದು, ಹೆಪ್ಪುಗಟ್ಟಿ ಉಬ್ಬಿ,
ಹಲ್ಲು ಕಿತ್ತಂತೆ ಕಂಬ ಕೀಳುವುದನ್ನು
ಇಪ್ಪತ್ತೆರಡು ವರ್ಷ ನೋಡಿದ್ದೇನೆ.
ಗುಂಡಿ ಐದಡಿ ಯಾಕೆ, ಮೂರು ಸಾಲದೇ ಅನ್ನುವವರಿಗೆ
ಏಪ್ರಿಲಿನಲ್ಲಿ ಕರೆಯಿರಿ ಅನ್ನುತ್ತೇನೆ.

ವೈನೋ ಕಂಗಾಸ್ ಹಾಗೆ ಕೇಳಲಿಲ್ಲ.
ಅದಿರಿನ ಹಡಗುಗಳಲ್ಲಿ ಸವೆದ ಕೈ.
ಅರ್ಜಿ ಮೂರು ಪ್ರತಿ, ನಕ್ಷೆ ಪೆನ್ಸಿಲಿನಲ್ಲಿ,
ಶುಲ್ಕ ಚಿಲ್ಲರೆ ಸಮೇತ.
ಹಿತ್ತಿಲ ಹಳೆಯ ಮರದ ಜಗಲಿ ಕಿತ್ತು ಹೊಸತು ಕಟ್ಟಿದ್ದ.
ಗುಂಡಿ ಐದಡಿ ಎರಡಂಗುಲ.
ಚೆಂಡು ಎಲ್ಲೂ ತೂರಲಿಲ್ಲ.
ಏಳು ಮೆಟ್ಟಿಲು. ಆರು, ಒಂದೇ ತಾಯಿಯ ಮಕ್ಕಳು.
ನೆಲಕ್ಕೆ ಇಳಿಯುವ ಏಳನೆಯದು
ಒಂದೂವರೆ ಅಂಗುಲ ಗಿಡ್ಡ.

‘ತಪ್ಪಿದೆಯಲ್ಲ’ ಅಂದೆ.
‘ಇಲ್ಲ, ಅಳೆದೇ ಮಾಡಿದ್ದು’ ಅಂದ.

ಮೆಟ್ಟಿಲಿಗೂ ಮೆಟ್ಟಿಲಿಗೂ ಇರುವ ಹೆಚ್ಚುಕಡಿಮೆ
ಅಂಗುಲದ ಎಂಟರಲ್ಲಿ ಮೂರು ಪಾಲು ಮೀರಕೂಡದು.
ಇಳಿಯುವವರು ನೋಡುವುದಿಲ್ಲ, ಅದಕ್ಕೆ.
ಮೊದಲ ಮೆಟ್ಟಿಲಲ್ಲಿ ಪಾದ ಪಾಠ ಕಲಿಯುತ್ತದೆ,
ಉಳಿದದ್ದನ್ನು ನಂಬುತ್ತದೆ.
ನಂಬಿಕೆಗೆ ಕಾಯಿದೆ ಕೊಟ್ಟ ಸಡಿಲ ಇಷ್ಟೇ, ಕಿರುಬೆರಳ ಉಗುರಿನಷ್ಟು.
ಆಮೇಲಿನದು ಸೊಂಟದ ಮೂಳೆ.

ಅಷ್ಟರಲ್ಲಿ ಐಲಿ ಹೊರಬಂದಳು,
ಕಣ್ಣು ಹೋಗಿ ಹತ್ತು ವರ್ಷವಾದವಳು,
ಎರಡೂ ಕೈಯಲ್ಲಿ ಒದ್ದೆ ಬಟ್ಟೆಯ ಬುಟ್ಟಿ.
ಕಟಾಂಜನ ಮುಟ್ಟದೆ ಇಳಿದಳು.
ಏಳನೆಯದರಲ್ಲಿ ಮಂಡಿ ತುಸು ಮೊದಲೇ ನೆಟ್ಟಗಾಯಿತು,
ನೆಲ ಬಂತು,
ತಂತಿಯ ಕಡೆ ನಡೆದಳು.

‘ಹಳೆಯದರಲ್ಲೂ ಅದು ಗಿಡ್ಡ.
ಎಪ್ಪತ್ತೊಂಬತ್ತರಲ್ಲಿ ನನ್ನದೇ ಲೆಕ್ಕ ತಪ್ಪಿದ್ದು.
ಅವಳ ಕಾಲಿಗೆ ಅದು ಬಾಯಿಪಾಠ.’

ಪೆನ್ನು ಹಿಡಿದು ನಿಂತೆ.
ಪುಸ್ತಕ ಹೇಳುವುದನ್ನೇ ಹೇಳುತ್ತಿದ್ದ ಮುದುಕ.
ಆದರೆ ಅಂಚೆಯವನ ಕಾಲು?
ಮೀಟರು ಓದಲು ಬರುವ ಹುಡುಗಿ?
ನಾಳೆ ಈ ಮನೆ ಕೊಳ್ಳುವವರ, ಇನ್ನೂ ಹುಟ್ಟದ,
ಹೆಸರಿಲ್ಲದ ಆ ಮಗು?
ಕೆಂಪು ಚೀಟಿ ಬರೆದೆ.
ಅಕ್ಷರ ನನ್ನದರಂತೆ ಕಾಣಲಿಲ್ಲ.

ಹದಿನಾಲ್ಕು ದಿನಕ್ಕೆ ಮತ್ತೆ ಹೋದೆ.
ಏಳೂ ಸಮ. ಮಟ್ಟಗೋಲಿನ ಗುಳ್ಳೆ
ನಡುಗೆರೆಯಲ್ಲಿ ನಿದ್ದೆ ಹೋಗಿತ್ತು.
ಐಲಿ ಇಳಿದಳು. ಆರರವರೆಗೆ ರಾಣಿ.
ಏಳರಲ್ಲಿ, ನೆಲ ಇರಬೇಕಾದಲ್ಲಿ ನೆಲ ಇರಲಿಲ್ಲ,
ಒಂದೂವರೆ ಅಂಗುಲ ಬಿದ್ದಳು.
ಅಷ್ಟು ಗಿಡ್ಡ ಬೀಳುವಿಕೆ ಯಾರ ಕಣ್ಣಿಗೂ ಬೀಳದು.
ವೈನೋ ಕೆಳಗೆ ನಿಂತಿದ್ದ,
ಅವಳ ಮೊಳಕೈ ಅಡಿಗೆ ಅಂಗೈ ಒಡ್ಡಿ,
ಮುಟ್ಟಿಯೂ ಮುಟ್ಟದಂತೆ.

‘ದಿನಕ್ಕೆ ಎಷ್ಟು ಸಲ ನಿಲ್ಲುತ್ತೀಯ ಹೀಗೆ?’
‘ಅವಳು ಇಳಿದಷ್ಟು ಸಲ.’
‘ಲೆಕ್ಕ ಸರಿಮಾಡೋಕೆ ಇವನಿಗೆ ನಲವತ್ತು ವರ್ಷ ಬೇಕಾಯ್ತು,
ನಂಗೆ ಇನ್ನೊಂದು ವಾರ ಕೊಡಿ’ ಅಂದಳು ಐಲಿ,
ನಾನಿಲ್ಲದ ದಿಕ್ಕಿಗೆ ನಗುತ್ತ.

ಹಸಿರು ಚೀಟಿಯ ಕೊನೆಗೆ ಷರಾ ಎಂದು ಒಂದು ಗೆರೆಯಿದೆ.
ಖಾಲಿ ಬಿಟ್ಟೆ.

ರಾತ್ರಿ ನನ್ನ ಮನೆಯ ನೆಲಮಾಳಿಗೆಗೆ
ದೀಪ ಹಾಕದೆ ಇಳಿದೆ.
ಮೂರನೆಯ ಮೆಟ್ಟಿಲು ಎತ್ತರ, ಕಾಲಿಗೆ ಗೊತ್ತು.
ಟೇಪು ಚೀಲದಲ್ಲೇ ಇತ್ತು,
ಚೀಲ ಮೇಲೆ, ಬಾಗಿಲ ಗೂಟದಲ್ಲಿ.